ವಿಳಾಸ ಇದ್ದವರಿಗಷ್ಟೇ ಇನ್ನೂರು ಪೌಂಡ್

ಬ್ರಿಟನ್ನಿನ ಪತ್ರಿಕೆಗಳಲ್ಲಿ, ಬ್ಯಾಂಕುಗಳ ಗಾಜಿನ ಕಿಟಕಿಗಳ ಮೇಲೆ, ಈಗ ಮೊಬೈಲಿನ ಪರದೆಯ ಮೇಲೂ ಒಂದು ಬಗೆಯ ಜಾಹೀರಾತು ಆಗಾಗ ಕಾಣಿಸಿಕೊಳ್ಳುತ್ತದೆ. ನಿಮ್ಮ ಖಾತೆಯನ್ನು ನಮ್ಮ ಬ್ಯಾಂಕಿಗೆ ಬದಲಿಸಿ, ಇಷ್ಟು ಪೌಂಡ್ ನಿಮ್ಮದಾಗಿಸಿಕೊಳ್ಳಿ ಎಂಬುದು ಅದರ ಸಾರ. ಒಂದು ಬ್ಯಾಂಕು 100 ಪೌಂಡ್ ಎಂದರೆ ಇನ್ನೊಂದು 150 ಎನ್ನುತ್ತದೆ; ಪೈಪೋಟಿ ಜೋರಾದಾಗ ಅದು 200ಕ್ಕೂ ಏರುತ್ತದೆ. ರೂಪಾಯಿಯ ಲೆಕ್ಕದಲ್ಲಿ ಇಪ್ಪತ್ತು ಸಾವಿರ ದಾಟುವ ಮೊತ್ತ. ಜಾಹೀರಾತಿನ ತಳದಲ್ಲಿ ಮಾತ್ರ ಇರುವೆ ಸಾಲಿನಂತೆ ಸಣ್ಣ ಅಕ್ಷರಗಳು ಹರಿದಿರುತ್ತವೆ. ಅವುಗಳಲ್ಲಿ ಒಂದು ಸಾಲು: ‘ಯುನೈಟೆಡ್ ಕಿಂಗ್‌ಡಮ್‌ನ ನಿವಾಸಿಗಳಿಗೆ ಮಾತ್ರ.’

ದಾವಣಗೆರೆಯಿಂದ ಲೆಸ್ಟರಿನ ಆಸ್ಪತ್ರೆಗೆ ನರ್ಸಾಗಿ ಹೋದ ಹೆಣ್ಣುಮಗಳೊಬ್ಬರು ಈ ಜಾಹೀರಾತನ್ನು ನೋಡಿದರು ಎಂದಿಟ್ಟುಕೊಳ್ಳೋಣ. ವಿಮಾನ ಇಳಿದು ಹತ್ತು ದಿನವಾಗಿದೆ. ಕೈಯಲ್ಲಿ ವೀಸಾ ಇದೆ, ಕೆಲಸದ ಪತ್ರ ಇದೆ. ಚಳಿಗೊಂದು ಕೋಟು, ಮನೆಗೊಂದು ಮುಂಗಡ ಎಂದು ಕೈಯಲ್ಲಿದ್ದ ಹಣವೆಲ್ಲ ಕರಗುತ್ತಿರುವ ಹೊತ್ತು. ಇನ್ನೂರು ಪೌಂಡಿನ ಅಗತ್ಯ ಯಾರಿಗಾದರೂ ಇದ್ದರೆ ಅದು ಆಕೆಗೆ. ಆದರೆ ಆ ಹಣ ಸಿಗದೆ ಇರುವುದೂ ಆಕೆಗೇ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಆದರೂ ಹೀಗೇಕೆ ಆಗುತ್ತದೆ ಎಂಬುದು ಪರದೇಶಕ್ಕೆ ಮಕ್ಕಳನ್ನು ಕಳಿಸಿದ ಪ್ರತಿಯೊಂದು ಮನೆಯವರೂ ತಿಳಿದಿರಬೇಕಾದ ಸಂಗತಿ.

ಹಣ ಕೊಟ್ಟು ಕರೆಯುವುದೇಕೆ?

ಮೊದಲು ಒಂದು ಮಾತು. ಇಲ್ಲಿ ಕರೆಂಟ್ ಅಕೌಂಟ್ ಎಂದರೆ ವ್ಯಾಪಾರಿಗಳ ಖಾತೆ. ಬ್ರಿಟನ್ನಿನಲ್ಲಿ ಹಾಗಲ್ಲ. ಸಂಬಳ ಬಂದು ಬೀಳುವ, ಬಾಡಿಗೆ, ಕರೆಂಟ್ ಬಿಲ್ಲು, ಫೋನ್ ಬಿಲ್ಲು ಕಟ್ಟಿಹೋಗುವ ದಿನಬಳಕೆಯ ಖಾತೆಯೇ ಅಲ್ಲಿಯ ಕರೆಂಟ್ ಅಕೌಂಟ್, ಇಲ್ಲಿಯ ಎಸ್.ಬಿ. ಖಾತೆ ಮಾಡುವ ಕೆಲಸವನ್ನು ಅದು ಮಾಡುತ್ತದೆ. ಸಂಬಳದ ಖಾತೆ ಯಾರ ಬಳಿ ಇದೆಯೋ ಆ ಮನೆಯ ವ್ಯವಹಾರವೆಲ್ಲ ಅವರ ಬಳಿಗೇ ಬರುತ್ತದೆ ಎಂಬುದು ಬ್ಯಾಂಕುಗಳ ನಂಬಿಕೆ. ಇಂದು ಖಾತೆ, ನಾಳೆ ಕ್ರೆಡಿಟ್ ಕಾರ್ಡು, ನಾಡಿದ್ದು ಮನೆಸಾಲ.

ಆದರೆ ಅಲ್ಲಿಯ ಜನ ಬ್ಯಾಂಕು ಬದಲಿಸುವುದರಲ್ಲಿ ಬಹಳ ಸೋಮಾರಿಗಳು. ಗಂಡ ಹೆಂಡತಿ ಬೇರೆಯಾದರೂ ಬ್ಯಾಂಕನ್ನು ಮಾತ್ರ ಬಿಡುವುದಿಲ್ಲ ಎಂಬ ಹಳೆಯ ಹಾಸ್ಯವೇ ಇದೆ. ಬದಲಾವಣೆಗೆ ವಾರಗಟ್ಟಲೆ ಹಿಡಿಯುತ್ತಿತ್ತು. ನಡುವೆ ಯಾವುದೋ ಕಂತು ತಪ್ಪಿ ದಂಡ ಬೀಳುವ ಭಯ ಬೇರೆ. 2008ರ ಬ್ಯಾಂಕು ಬಿಕ್ಕಟ್ಟಿನ ನಂತರ ಸರ್ ಜಾನ್ ವಿಕರ್ಸ್ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಸ್ವತಂತ್ರ ಆಯೋಗ 2011ರಲ್ಲಿ ವರದಿ ಕೊಟ್ಟಿತು. ಗ್ರಾಹಕ ಸುಲಭವಾಗಿ ಎದ್ದುಹೋಗುವಂತಿದ್ದರೆ ಮಾತ್ರ ಬ್ಯಾಂಕುಗಳು ನೆಟ್ಟಗೆ ನಡೆದುಕೊಳ್ಳುತ್ತವೆ ಎಂಬುದು ಅದರ ಧೋರಣೆ. ಹಾಗೆ 2013ರ ಸೆಪ್ಟೆಂಬರಿನಲ್ಲಿ ಆರಂಭವಾದದ್ದು ಕರೆಂಟ್ ಅಕೌಂಟ್ ಸ್ವಿಚ್ ಸರ್ವೀಸ್. ಏಳು ಕೆಲಸದ ದಿನಗಳಲ್ಲಿ ಹಳೆಯ ಖಾತೆ ಮುಚ್ಚುತ್ತದೆ. ಉಳಿಕೆ ಹಣ, ಸಂಬಳ, ಬಿಲ್ಲುಗಳ ಕಡಿತ ಎಲ್ಲವೂ ಹೊಸ ಖಾತೆಗೆ ತಾವಾಗಿ ಸಾಗುತ್ತವೆ. ಹಳೆಯ ಖಾತೆಗೆ ಯಾರಾದರೂ ಹಣ ಹಾಕಿದರೆ ಅದೂ ಮೂರು ವರ್ಷ ಕಾಲ ಹೊಸ ಖಾತೆಗೇ ಬಂದು ಸೇರುತ್ತದೆ. ಈವರೆಗೆ ಒಂದು ಕೋಟಿಗೂ ಹೆಚ್ಚು ಬದಲಾವಣೆಗಳು ಈ ದಾರಿಯಲ್ಲಿ ನಡೆದಿವೆ.

ಏಳುವುದೇನೋ ಸುಲಭವಾಯಿತು. ಎಬ್ಬಿಸುವುದಕ್ಕೆ ಏನಾದರೂ ಬೇಕಲ್ಲ! ಅದೇ ಈ ನೂರು ಇನ್ನೂರು ಪೌಂಡಿನ ಕೊಡುಗೆ. ಹೆಸರು ಉಡುಗೊರೆ, ನಿಜವಾಗಿ ಅದು ಒಬ್ಬ ಗ್ರಾಹಕನಿಗೆ ಬ್ಯಾಂಕು ಕೊಡುವ ಬೆಲೆ. ಬೆಲೆ ಕೊಡುವವನು ಸರಕನ್ನು ಆರಿಸದೆ ಬಿಡುವನೇ? ವಯಸ್ಸು 18 ದಾಟಿರಬೇಕು. ಸ್ವಿಚ್ ಸರ್ವೀಸ್ ಮೂಲಕವೇ ಬರಬೇಕು. ಇಷ್ಟು ದಿನದೊಳಗೆ ಇಷ್ಟು ಹಣ ಜಮೆಯಾಗಬೇಕು. ಸಾಮಾನ್ಯವಾಗಿ ಎರಡು ಡೈರೆಕ್ಟ್ ಡೆಬಿಟ್, ಅಂದರೆ ತಿಂಗಳು ತಿಂಗಳು ಖಾತೆಯಿಂದ ತಾನಾಗಿ ಕಡಿತವಾಗುವ ಬಿಲ್ಲುಗಳು ಇರಬೇಕು. ಹಿಂದೆ ಇದೇ ಬ್ಯಾಂಕಿನ ಕೊಡುಗೆ ಪಡೆದಿರಬಾರದು. ಇವೆಲ್ಲಕ್ಕೂ ತಳಪಾಯವಾಗಿ ನಿಂತಿರುವುದು ಆ ನಿವಾಸಿ ಎಂಬ ಪದ.

ನಿವಾಸಿ ಎಂದರೆ ಯಾರು?

ಈ ಪದ ಕಾಣುವಷ್ಟು ಸರಳವಲ್ಲ. ಯುನೈಟೆಡ್ ಕಿಂಗ್‌ಡಮ್ ಎಂದರೆ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಮತ್ತು ಉತ್ತರ ಐರ್ಲೆಂಡ್. ಸಮುದ್ರದ ನಡುವಿನ ಜರ್ಸಿ, ಗರ್ನ್ಸಿ, ಐಲ್ ಆಫ್ ಮ್ಯಾನ್ ದ್ವೀಪಗಳು ಬ್ರಿಟನ್ನಿನ ರಾಜನಿಗೆ ಸೇರಿದವು. ಅಲ್ಲಿಯೂ ನಡೆಯುವುದು ಪೌಂಡೇ. ಆದರೂ ಅವು ಯುನೈಟೆಡ್ ಕಿಂಗ್‌ಡಮ್‌ನ ಭಾಗವಲ್ಲ. ಹಾಗಾಗಿ ತಲೆತಲಾಂತರದಿಂದ ಪೌಂಡಿನಲ್ಲೇ ಸಂಸಾರ ನಡೆಸಿದ ಜರ್ಸಿಯ ಅಜ್ಜನೂ ಎಷ್ಟೋ ಕೊಡುಗೆಗಳ ಬಾಗಿಲಲ್ಲಿ ಹೊರಗಿನವನೇ.

ಇದಕ್ಕೂ ಒಂದು ಹಿನ್ನೆಲೆ ಇದೆ. ಜನಸಾಮಾನ್ಯರ ಠೇವಣಿಯನ್ನು ಬ್ಯಾಂಕಿನ ಉಳಿದ ಅಪಾಯದ ವ್ಯವಹಾರಗಳಿಂದ ಬೇಲಿ ಹಾಕಿ ಬೇರ್ಪಡಿಸಬೇಕು ಎಂದು ಹೇಳಿದ್ದೂ ಅದೇ ವಿಕರ್ಸ್ ಆಯೋಗ. 2019ರ ಜನವರಿ 1ರಿಂದ ಅದು ಜಾರಿಗೆ ಬಂತು. ದೊಡ್ಡ ಬ್ಯಾಂಕುಗಳು ದ್ವೀಪಗಳ ವ್ಯವಹಾರವನ್ನು ಬೇಲಿಯ ಹೊರಗಿನ ಬೇರೆ ಕಂಪನಿಯಲ್ಲಿ ಇಡಬೇಕಾಯಿತು. ಬೋರ್ಡಿನ ಮೇಲಿನ ಹೆಸರು ಒಂದೇ ಇದ್ದರೂ ಒಳಗಿನ ಕಂಪನಿ ಬೇರೆ. ಖಾತೆ ಬದಲಿಸುವ ಬಾಗಿಲನ್ನು ಅಗಲ ಮಾಡಿದ ವರದಿಯೇ ಬೇಲಿಯನ್ನೂ ಎತ್ತರಿಸಿತು ಎನ್ನಬೇಕು.

ಬ್ರಿಟನ್ ಯುರೋಪಿಯನ್ ಒಕ್ಕೂಟವನ್ನು ಬಿಟ್ಟಾಗ ಇನ್ನೊಂದು ಪಾಠ ಸಿಕ್ಕಿತು. ನಿವೃತ್ತಿಯ ನಂತರ ಸ್ಪೇನ್, ಫ್ರಾನ್ಸ್‌ಗಳಲ್ಲಿ ಬಿಸಿಲು ಕಾಯಿಸುತ್ತ ಕುಳಿತಿದ್ದ ಬ್ರಿಟಿಷರು ಬಹಳ. ಒಂದು ದೇಶದ ಪರವಾನಗಿಯಿಂದ ಇನ್ನೊಂದರಲ್ಲಿ ಬ್ಯಾಂಕು ನಡೆಸುವ ಹಕ್ಕು 2020ರ ಡಿಸೆಂಬರ್ 31ಕ್ಕೆ ಮುಗಿಯಿತು. ಅದಕ್ಕೆ ಮೊದಲೇ ಕೆಲವು ಬ್ಯಾಂಕುಗಳು ಇಂಥ ಗ್ರಾಹಕರಿಗೆ ಕಾಗದ ಬರೆದು, ನಿಮ್ಮ ಖಾತೆ ಮುಚ್ಚುತ್ತೇವೆ ಎಂದವು. ಪಾಸ್‌ಪೋರ್ಟ್ ಬ್ರಿಟನ್ನಿನದು, ಪಿಂಚಣಿ ಬ್ರಿಟನ್ನಿನದು. ಆದರೆ ಬ್ಯಾಂಕು ಕೇಳುವುದು ನೀನು ಯಾರು ಎಂದಷ್ಟೇ ಅಲ್ಲ, ನೀನು ಇರುವುದು ಎಲ್ಲಿ ಎಂದೂ ಕೇಳುತ್ತದೆ.

ಕೋಳಿ ಮೊದಲೋ ಮೊಟ್ಟೆ ಮೊದಲೋ

ಈಗ ಲೆಸ್ಟರಿನ ನರ್ಸಿನ ಕತೆಗೆ ಮರಳಬಹುದು. ಕಾನೂನಿನ ಪ್ರಕಾರ ಆಕೆ ಅಲ್ಲಿ ವಾಸಿಸುವವರೇ. ಆದರೆ ಅದನ್ನು ತೋರಿಸುವುದು ಹೇಗೆ? ಕಳ್ಳಹಣದ ಮೇಲಿನ ಕಾನೂನಿನಿಂದಾಗಿ ಬ್ಯಾಂಕು ಗ್ರಾಹಕರ ಗುರುತನ್ನು ಪರಿಶೀಲಿಸಲೇಬೇಕು. ವಿಳಾಸಕ್ಕೆ ಸಾಮಾನ್ಯವಾಗಿ ಕರೆಂಟ್ ಬಿಲ್ಲು, ಪುರಸಭೆಯ ತೆರಿಗೆ ಬಿಲ್ಲು, ಇನ್ನೊಂದು ಬ್ಯಾಂಕಿನ ಲೆಕ್ಕಪತ್ರ ಇಂಥವನ್ನು ಕೇಳುತ್ತದೆ. ಬಾಡಿಗೆ ಮನೆ ಹಿಡಿಯಲು ಹೋದರೆ ಬ್ಯಾಂಕು ಖಾತೆ ಎಲ್ಲಿ ಎಂಬ ಪ್ರಶ್ನೆ. ಬ್ಯಾಂಕಿಗೆ ಹೋದರೆ ಮನೆ ಎಲ್ಲಿ ಎಂಬ ಪ್ರಶ್ನೆ. ಆಸ್ಪತ್ರೆಯವರ ಪತ್ರವೋ, ವಿದ್ಯಾರ್ಥಿಯಾದರೆ ವಿಶ್ವವಿದ್ಯಾಲಯದ ಪತ್ರವೋ ಈ ಗಂಟನ್ನು ಎಷ್ಟೋ ಸಲ ಬಿಡಿಸುತ್ತದೆ. ಅದನ್ನು ಮೊದಲ ದಿನವೇ ಕೇಳಿ ಪಡೆಯುವುದು ಜಾಣತನ.

ಅಷ್ಟಾದರೂ ಕೊಡುಗೆ ಸಿಗುವುದಿಲ್ಲ. ಕಾರಣ ತೀರ ಸರಳ: ಬದಲಿಸಲು ಆಕೆಯ ಬಳಿ ಹಳೆಯ ಖಾತೆಯೇ ಇಲ್ಲ! ದಾವಣಗೆರೆಯ ಶಾಖೆಯಲ್ಲಿರುವ ಖಾತೆ ಅಲ್ಲಿಯ ಸ್ವಿಚ್ ಸರ್ವೀಸಿಗೆ ಲೆಕ್ಕಕ್ಕಿಲ್ಲ. ಸಾಲ ತೀರಿಸಿದ ಚರಿತ್ರೆಯೂ ಆ ದೇಶದಲ್ಲಿ ಹುಟ್ಟಿಲ್ಲ. ಊರಿನಲ್ಲಿ ಹತ್ತು ವರ್ಷ ಒಂದು ಕಂತೂ ತಪ್ಪದೆ ಕಟ್ಟಿದ್ದರೂ ಅಲ್ಲಿ ಆಕೆ ಖಾಲಿ ಹಾಳೆ.

ಇಲ್ಲಿ ಕಾನೂನು ಸ್ವಲ್ಪ ಕೈಹಿಡಿಯುತ್ತದೆ. ಸಕ್ರಮವಾಗಿ ವಾಸಿಸುವವರಿಗೆ ಶುಲ್ಕವಿಲ್ಲದ ಬೇಸಿಕ್ ಖಾತೆ ಒದಗಿಸುವ ಹೊಣೆ 2016ರಿಂದ ಅಲ್ಲಿಯ ದೊಡ್ಡ ಬ್ಯಾಂಕುಗಳ ಮೇಲಿದೆ. ಆ ಖಾತೆಗೆ ಓವರ್‌ಡ್ರಾಫ್ಟ್ ಇಲ್ಲ, ಕೊಡುಗೆಯೂ ಸಾಮಾನ್ಯವಾಗಿ ಇಲ್ಲ. ಆದರೆ ಸಂಬಳ ಬರುತ್ತದೆ, ಬಿಲ್ಲು ಹೋಗುತ್ತದೆ. ಅಂಥ ಒಂದು ಖಾತೆಯನ್ನು ಕೆಲವು ತಿಂಗಳು ಶಿಸ್ತಾಗಿ ನಡೆಸಿದರೆ ಲೆಕ್ಕಪತ್ರವೂ ಕೂಡುತ್ತದೆ, ವಿಳಾಸವೂ ಗಟ್ಟಿಯಾಗುತ್ತದೆ. ಆಮೇಲೆ ಬರುವ ಮುಂದಿನ ಕೊಡುಗೆಗೆ ಆಕೆಯೂ ಅರ್ಹರು. ಎರಡೂ ಬ್ಯಾಂಕುಗಳಲ್ಲಿ ಹೆಸರು, ವಿಳಾಸ ಒಂದೇ ರೀತಿ ಇದ್ದರೆ ಬದಲಾವಣೆ ಸಲೀಸು. ತಂದೆಯ ಹೆಸರು, ಊರ ಹೆಸರುಗಳ ಇನಿಷಿಯಲ್ ಇರುವ ಕನ್ನಡಿಗರು ಇದನ್ನು ವಿಶೇಷವಾಗಿ ನೆನಪಿಡಬೇಕು.

ಗೆಳತಿಯ ಮನೆಯ ವಿಳಾಸ

ಐದಾರು ವರ್ಷ ದುಡಿದು ಊರಿಗೆ ಹಿಂದಿರುಗುವ ಹೊತ್ತು ಬಂತೆನ್ನಿ. ಆಗ ಅಲ್ಲೇ ಉಳಿಯುವ ಗೆಳತಿ ಅಕ್ಕರೆಯಿಂದ ಒಂದು ಮಾತು ಹೇಳಬಹುದು: ‘ಅಲ್ರೀ ಅಕ್ಕಾ, ಬ್ಯಾಂಕಿಗೆ ಯಾಕೆ ಹೇಳ್ತೀರಿ? ನಮ್ಮನೆ ಅಡ್ರೆಸ್ಸೇ ಕೊಟ್ಟಿರಿ. ಯಾವುದಾದ್ರೂ ಒಳ್ಳೆ ಆಫರ್ ಬಂದ್ರೆ ಅದನ್ನೂ ತಗೋಬಹುದು.’

ಮಾತಿನಲ್ಲಿ ಮೋಸವಿಲ್ಲ, ಪ್ರೀತಿ ಇದೆ. ಅಪಾಯ ಇರುವುದೂ ಅಲ್ಲೇ. ವಾಸವಿಲ್ಲದ ವಿಳಾಸ ಕೊಟ್ಟು ಖಾತೆಗೆ ಅರ್ಜಿ ಹಾಕುವುದು ಬ್ಯಾಂಕಿನ ಕಣ್ಣಿಗೆ ಸುಳ್ಳು ಅರ್ಜಿ. ಕೊಡುಗೆಯ ಹಣ ಹೋಗುವುದು ಸಣ್ಣ ಮಾತು, ಖಾತೆಯೇ ಮುಚ್ಚಬಹುದು. ಬ್ಯಾಂಕುಗಳು ಮೋಸದ ಪ್ರಕರಣಗಳನ್ನು ದಾಖಲಿಸಿ ಪರಸ್ಪರ ಹಂಚಿಕೊಳ್ಳುವ ಸಿಫಾಸ್ ಎಂಬ ಸಂಸ್ಥೆ ಅಲ್ಲಿದೆ. ಅದರ ಪಟ್ಟಿಯಲ್ಲಿ ಹೆಸರು ಬಿದ್ದರೆ ಆರು ವರ್ಷದವರೆಗೆ ಉಳಿಯಬಹುದು. ನಾಳೆ ಮತ್ತೆ ಆ ದೇಶಕ್ಕೆ ಹೋಗಬೇಕಾಗಿ ಬಂದರೆ ಖಾತೆ, ಫೋನ್, ಸಾಲ ಎಲ್ಲ ಬಾಗಿಲಲ್ಲೂ ಆ ಮಚ್ಚೆ ಎದುರಾಗುತ್ತದೆ. ಇನ್ನೂರು ಪೌಂಡಿಗೆ ಇದು ದುಬಾರಿ ವ್ಯಾಪಾರ. ಊರಿಗೆ ಹೊರಡುವ ಮೊದಲೇ ಬ್ಯಾಂಕಿಗೆ ನಿಜ ತಿಳಿಸಿ, ಖಾತೆ ಉಳಿಸಿಕೊಳ್ಳಲು ಬಿಡುತ್ತಾರೆಯೇ ಎಂದು ಕೇಳುವುದು ಮೇಲು. ಕೆಲವರು ಬಿಡುತ್ತಾರೆ, ಕೆಲವರು ಬಿಡುವುದಿಲ್ಲ.

ಇಲ್ಲಿಯೂ ಅದೇ ಪ್ರಶ್ನೆ

ಬ್ರಿಟನ್ನಿನವರನ್ನಷ್ಟೇ ದೂರಿ ಫಲವಿಲ್ಲ. ನಿವಾಸಿ, ಅನಿವಾಸಿ ಎಂಬ ಗೆರೆ ಭಾರತದಲ್ಲೂ ಇದೆ; ಅದನ್ನು ದಾಟಿದ್ದು ಗೊತ್ತೇ ಇಲ್ಲದೆ ಓಡಾಡುವವರು ಅಸಂಖ್ಯ. ಆ ನರ್ಸು ದಾವಣಗೆರೆಯಲ್ಲಿ ಬಿಟ್ಟುಹೋದ ಎಸ್.ಬಿ. ಖಾತೆಯ ಗತಿ ಏನು? ವಿದೇಶಿ ವಿನಿಮಯದ ಫೆಮಾ ಕಾಯ್ದೆ 1999ರದು, ಜಾರಿಗೆ ಬಂದದ್ದು 2000ದಲ್ಲಿ. ಅದರಂತೆ, ಕೆಲಸಕ್ಕೆಂದು ದೇಶ ಬಿಟ್ಟವರು ಹೊರಟಾಗಿನಿಂದಲೇ ಅನಿವಾಸಿ. ಆ ಖಾತೆಯನ್ನು ಎನ್.ಆರ್.ಒ. ಖಾತೆಯಾಗಿ ಬದಲಿಸಬೇಕು. 182 ದಿನ ಕಳೆಯಲಿ ಎಂದು ಕಾಯುವವರು ಆದಾಯ ತೆರಿಗೆಯ ಲೆಕ್ಕವನ್ನು ಬ್ಯಾಂಕಿನ ಲೆಕ್ಕದೊಂದಿಗೆ ಬೆರೆಸಿಕೊಂಡಿರುತ್ತಾರೆ. ಮಗಳ ಖಾತೆಗೆ ಅಪ್ಪನೇ ಚೆಕ್ ಬರೆಯುತ್ತ, ಹೇಗೂ ನಡೆಯುತ್ತಿದೆಯಲ್ಲ ಎಂದುಕೊಂಡಿರುವ ಮನೆಗಳು ಒಮ್ಮೆ ಶಾಖೆಗೆ ಹೋಗಿ ವಿಚಾರಿಸುವುದು ಒಳ್ಳೆಯದು.

ಇನ್ನು ಏಳು ದಿನದಲ್ಲಿ ಖಾತೆ ಬದಲಿಸುವ ವ್ಯವಸ್ಥೆ ಭಾರತದಲ್ಲಿ ಬಂದಿಲ್ಲ. 2017ರಲ್ಲಿ ರಿಸರ್ವ್ ಬ್ಯಾಂಕಿನ ಡೆಪ್ಯುಟಿ ಗವರ್ನರ್ ಆಗಿದ್ದ ಎಸ್.ಎಸ್. ಮುಂದ್ರಾ ಅವರು ಮೊಬೈಲ್ ನಂಬರಿನಂತೆ ಖಾತೆ ನಂಬರನ್ನೂ ಬೇರೆ ಬ್ಯಾಂಕಿಗೆ ಒಯ್ಯುವಂತಾಗಬೇಕು ಎಂದು ಬ್ಯಾಂಕುಗಳಿಗೆ ಸೂಚಿಸಿದ್ದರು. ಅದು ಮಾತಿನಿಂದ ಮುಂದೆ ಹೋಗಲಿಲ್ಲ. ಕೆನರಾ, ಸಿಂಡಿಕೇಟ್, ವಿಜಯ, ಕಾರ್ಪೊರೇಷನ್, ಕರ್ಣಾಟಕ ಎಂದು ಬ್ಯಾಂಕುಗಳನ್ನೇ ಹೆತ್ತ ಕರಾವಳಿಯ ಜನ ತಾತನ ಕಾಲದ ಶಾಖೆಯನ್ನು ಬಿಡದೆ ಇದ್ದುದಕ್ಕೆ ಅಭಿಮಾನವೂ ಕಾರಣ. ಬಿಡುವುದು ತ್ರಾಸು ಎಂಬುದೂ ಕಾರಣ.

ಬ್ಯಾಂಕು ಯಾರನ್ನು ಹಣ ಕೊಟ್ಟು ಕರೆಯುತ್ತದೆ ಎಂದು ನೋಡಿದರೆ ವ್ಯವಹಾರದ ಒಳಗುಟ್ಟು ತಿಳಿಯುತ್ತದೆ. ಬೇರು ಬಿಟ್ಟ ಮರಕ್ಕೇ ಅದು ನೀರೆರೆಯುವುದು. ಈಗಷ್ಟೇ ನೆಟ್ಟ ಸಸಿ ತನ್ನ ಮೊದಲ ಮಳೆಗಾಲವನ್ನು ತಾನೇ ಕಳೆಯಬೇಕು. ಲೆಸ್ಟರಿನ ಆ ಹೆಣ್ಣುಮಗಳು ಮೊದಲ ತಿಂಗಳ ಸಂಬಳದಲ್ಲಿ ಕೋಟು ಕೊಂಡು, ಮೊದಲ ಕರೆಂಟ್ ಬಿಲ್ಲನ್ನು ಜೋಪಾನವಾಗಿ ಎತ್ತಿಟ್ಟುಕೊಳ್ಳಲಿ. ಇನ್ನೂರು ಪೌಂಡಿಗಿಂತ ಬೆಲೆಯ ಕಾಗದ ಅದು.