ಮೂರನೆಯ ತಾರೆ ಬಂದಾಗ

ಮಾಘಮಾಸದ ಇರುಳಿನ ಮೊದಲ ಜಾವದಲ್ಲಿ ದಕ್ಷಿಣಾಭಿಮುಖವಾಗಿ ನಿಂತರೆ ಮಹಾವ್ಯಾಧನ ಪಾದಗಳಿಂದ ಬಹಳ ಕೆಳಗೆ ಕಪೋತವೆಂಬ ಮಂಕು ನಕ್ಷತ್ರಪುಂಜವಿದೆ. ಅಲ್ಲಿ ಬೈನಾಕ್ಯುಲರಿಗೆ ಹತ್ತಿಯ ಎಳೆಯಂತೆ ತೋರುವ ಗೋಳಾಕಾರದ ತಾರಾಗುಚ್ಛವೊಂದುಂಟು. ಎನ್‌ಜಿಸಿ 1851 ಎಂದು ಅದರ ಹೆಸರು. ದೂರ ಸುಮಾರು 39,000 ಜ್ಯೋತಿರ್ವರ್ಷ. ಅದರ ನಡುಭಾಗದಲ್ಲಿ ತಾರೆಗಳ ಸಂದಣಿ ನಮ್ಮ ಸೂರ್ಯನ ನೆರೆಹೊರೆಗಿಂತ ಲಕ್ಷ ಪಟ್ಟಿಗೂ ಮಿಗಿಲು.

ಇಂತಹ ನೂಕುನುಗ್ಗಲಿನಲ್ಲಿ ಒಂದನ್ನೊಂದು ಸುತ್ತುವ ಜೋಡಿತಾರೆಗಳು ಬಾಳುವುದೆಂತು? ಡಗ್ಲಸ್ ಹೆಗ್ಗಿ ಎಂಬ ವಿದ್ವಾಂಸರು 1975ರಲ್ಲಿ ಗಣಿತದಿಂದ ತೋರಿಸಿದ ಉತ್ತರ ನಮಗೆ ಇಂದಿಗೂ ವಿಸ್ಮಯವೇ. ಸಡಿಲವಾಗಿ ಕೂಡಿದ ಜೋಡಿಗಳು ದಾರಿಹೋಕ ತಾರೆಗಳ ಸೆಳೆತಕ್ಕೆ ಮತ್ತಷ್ಟು ಸಡಿಲಗೊಂಡು ಕಡೆಗೆ ಒಡೆದುಹೋಗುತ್ತವೆ. ಬಿಗಿಯಾಗಿ ಕೂಡಿದವಾದರೋ ಇನ್ನೂ ಬಿಗಿಯಾಗುತ್ತವೆ! ಬಳಿಸಾರಿದ ತಾರೆ ಜೋಡಿಯಿಂದ ಶಕ್ತಿಯನ್ನು ಪಡೆದು, ಬಂದುದಕ್ಕಿಂತ ಹೆಚ್ಚು ವೇಗದಿಂದ ಹೊರಟುಹೋಗುತ್ತದೆ; ಶಕ್ತಿಯನ್ನು ಕಳೆದುಕೊಂಡ ಜೋಡಿಯ ಕಕ್ಷೆ ಕುಗ್ಗುತ್ತದೆ. ಹೀಗೆ ಹಂಚಿಹೋಗುವ ಶಕ್ತಿಯೇ ಗುಚ್ಛದ ನಡುಭಾಗ ಒಳಗೊಳಗೇ ಕುಸಿಯದಂತೆ ತಡೆಯುತ್ತದೆಂಬುದು ಗಮನಾರ್ಹ.

ಇದನ್ನು ದಾಂಪತ್ಯಕ್ಕೆ ಹೋಲಿಸುವ ಆಸೆ ಓದುಗ ಬಂಧುಗಳಿಗೆ ಮೂಡಬಹುದು. ನಾವು ಆ ಗೊಡವೆಗೆ ಹೋಗೆವು. ಏಕೆಂದರೆ ಇಲ್ಲಿ ಇನ್ನೊಂದು ಸಂಗತಿಯುಂಟು: ಮೂರನೆಯ ತಾರೆ ಹೆಚ್ಚು ತೂಕದ್ದಾಗಿದ್ದರೆ ಹಲವು ವೇಳೆ ಅದೇ ಜೋಡಿಯೊಳಗೆ ನೆಲೆಸಿ, ಹಗುರವಾದ ಹಳೆಯ ಸಂಗಾತಿಯನ್ನು ಹೊರಗಟ್ಟುತ್ತದೆ.

ಇದು ಬರಿಯ ಲೆಕ್ಕಾಚಾರವೆ? ಅಲ್ಲವೆಂಬುದಕ್ಕೆ ಕುರುಹು ದೊರೆತದ್ದು ನಮ್ಮ ದೇಶದಲ್ಲಿಯೇ. ಪುಣೆಯ ಉತ್ತರಕ್ಕೆ ಖೋಡದ ಗ್ರಾಮದ ಬಳಿ, 45 ಮೀಟರು ವ್ಯಾಸದ 30 ಬಟ್ಟಲುಗಳುಳ್ಳ ರೇಡಿಯೋ ದೂರದರ್ಶಕವಿದೆ. ಅದು ಈ ಗುಚ್ಛದಲ್ಲಿ ಕಂಡ ಪಲ್ಸಾರ್ ಒಂದರ ವಿವರ 2004ರಲ್ಲಿ ಪ್ರಕಟವಾಯಿತು. ಸೆಕೆಂಡಿಗೆ ಸುಮಾರು 200 ಬಾರಿ ತಿರುಗುವ ನ್ಯೂಟ್ರಾನ್ ತಾರೆ ಅದು. ಮುದಿ ನ್ಯೂಟ್ರಾನ್ ತಾರೆಗೆ ಅಂತಹ ವೇಗ ಬರಬೇಕಾದರೆ ಸಂಗಾತಿಯ ದ್ರವ್ಯ ಅದರ ಮೇಲೆ ದೀರ್ಘಕಾಲ ಸುರಿಯಬೇಕು. ಹಾಗೆ ಸುರಿದ ಸಂಗಾತಿ ಸೊರಗಿ ಹಗುರವಾದ ಶ್ವೇತಕುಬ್ಜವಾಗಿ ಉಳಿಯುವುದು, ಕಕ್ಷೆ ಬಹುತೇಕ ವೃತ್ತಾಕಾರವಾಗುವುದು ಸಾಮಾನ್ಯ. ಇಲ್ಲಿ ಎರಡೂ ಇಲ್ಲ. ಸಂಗಾತಿಯ ತೂಕ ಪಲ್ಸಾರಿನ ತೂಕಕ್ಕೆ ಹೆಚ್ಚುಕಡಿಮೆ ಸಮ, ಸೂರ್ಯನದಕ್ಕಿಂತ ಅಧಿಕ. 18.8 ದಿನಗಳ ಕಕ್ಷೆಯೋ ತೀರ ನೀಳ. ಪರಸ್ಪರ ಅತಿ ದೂರವಿದ್ದಾಗಿನ ಅಂತರ ಅತಿ ಸಮೀಪದ ಅಂತರಕ್ಕಿಂತ 17 ಪಟ್ಟು. ದ್ರವ್ಯವೆರೆದ ಸಂಗಾತಿ ಎಂದೋ ಹೊರಬಿದ್ದಿದೆ, ಈಗಿರುವುದು ಬದಲಿಗೆ ಬಂದದ್ದು ಎಂದೇ ಖಗೋಳಜ್ಞರ ಅಭಿಮತ.

ಅದೇ ಗುಚ್ಛದ ಇನ್ನೊಂದು ಪಲ್ಸಾರಿನ ವೃತ್ತಾಂತ 2024ರ ಜನವರಿಯಲ್ಲಿ ಹೊರಬಂತು. ಕಂಡದ್ದು ದಕ್ಷಿಣ ಆಫ್ರಿಕದ ಮೀರ್‌ಕ್ಯಾಟ್ ದೂರದರ್ಶಕ. ಅದರ ಸಂಗಾತಿಯ ತೂಕ ಸೂರ್ಯನ 2.1ರಿಂದ 2.7 ಪಟ್ಟಿನೊಳಗೆ. ನ್ಯೂಟ್ರಾನ್ ತಾರೆಗೆ ಅದು ಹೆಚ್ಚೆನಿಸುವ ತೂಕ, ಕಪ್ಪುಕುಳಿಗೆ ಕಡಿಮೆಯೆನಿಸುವ ತೂಕ. ಎರಡು ನ್ಯೂಟ್ರಾನ್ ತಾರೆಗಳು ಹಿಂದೆಂದೋ ಕೂಡಿ ಒಂದಾದುದರ ಫಲವಿದ್ದೀತೆಂದು ಊಹೆ. ಹಾಗಿದ್ದರೆ ಅದೂ ಒಂದು ಕಾಲಕ್ಕೆ ಜೋಡಿಯೇ ಆಗಿತ್ತು.