ಒಂಟಿ ಎಲೆಕ್ಟ್ರಾನಿನ ಎಂಟು ದಶಕ

ಎರಡನೇ ಮಹಾಯುದ್ಧ ಇನ್ನೂ ನಡೆದಿದ್ದಾಗ, 1944ರಲ್ಲಿ, ಕಜಾನಿನ ಯೆವ್ಗೆನಿ ಜಾವೊಯ್ಸ್ಕಿ ಎಲೆಕ್ಟ್ರಾನ್ ಅನುಕಾಂತೀಯ ಅನುರಣನವನ್ನು ಕಂಡುಹಿಡಿದರು. ಇಪಿಆರ್ ಎಂದೇ ಬಳಕೆಯ ಹೆಸರು. ಜೋಡಿಯಿಲ್ಲದೆ ಉಳಿದ ಎಲೆಕ್ಟ್ರಾನು ಕಾಂತಕ್ಷೇತ್ರದಲ್ಲಿ ತನಗೆ ಹೊಂದುವ ಅಲೆಯನ್ನಷ್ಟೇ ಹೀರುತ್ತದೆ. ಆ ಹೀರಿಕೆಯ ಗೆರೆಯೇ ವಸ್ತುವಿನ ಒಳಗುಟ್ಟು ಹೇಳುತ್ತದೆ. ಎಂಟು ದಶಕಗಳಲ್ಲಿ ಇದರಿಂದ ನಮಗೆ ದಕ್ಕಿದ್ದೇನು?

ಸಂಶೋಧನೆಯ ಮಟ್ಟಿಗೆ ಹೆಮ್ಮೆ ಪಡುವಷ್ಟು ದಕ್ಕಿದೆ. ಇದರ ಸೋದರವಿದ್ಯೆಯಾದ ನ್ಯೂಕ್ಲಿಯರ್ ಅನುರಣನದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ 1951ರಲ್ಲೇ ಹರಿಯುವ ದ್ರವಗಳನ್ನು ಅಳೆದು ತೋರಿಸಿದ್ದರು. 1987ರಲ್ಲಿ ಅದೇ ಸಂಸ್ಥೆಯ ಎಸ್.ವಿ. ಭಟ್, ಪಿ. ಗಂಗೂಲಿ, ಟಿ.ವಿ. ರಾಮಕೃಷ್ಣನ್ ಮತ್ತು ಸಿ.ಎನ್.ಆರ್. ರಾವ್ ಆಗಷ್ಟೇ ಬೆಳಕಿಗೆ ಬಂದಿದ್ದ ಯಿಟ್ರಿಯಂ–ಬೇರಿಯಂ–ತಾಮ್ರದ ಆಕ್ಸೈಡನ್ನು ಇಪಿಆರ್ ಯಂತ್ರಕ್ಕಿಟ್ಟರು. ಅದು ಅತಿವಾಹಕವಾಗುತ್ತಿದ್ದಂತೆ, ಕಾಂತಕ್ಷೇತ್ರ ಸೊನ್ನೆಯ ಹತ್ತಿರವಿದ್ದಾಗಲೇ, ಅನುರಣನದ ಲೆಕ್ಕಕ್ಕೆ ಸಿಗದ ದೊಡ್ಡ ಹೀರಿಕೆ ಕಂಡಿತು. ಅದೇ ವರ್ಷ ಹೊರದೇಶದ ತಂಡಗಳೂ ಇದನ್ನು ಕಂಡವು. ತಂತಿ ತಾಗಿಸದೆ, ಚಿಟಿಕೆ ಪುಡಿಯಲ್ಲೂ ಅತಿವಾಹಕತೆ ಪತ್ತೆಮಾಡುವ ದಾರಿ ಹೀಗೆ ತೆರೆಯಿತು. ಜಗತ್ತಿನ ಜೊತೆಗೇ ಹೆಜ್ಜೆ ಹಾಕಿದ ಗಳಿಗೆಯದು.

ವೈದ್ಯಕೀಯದಲ್ಲೂ ಕಡಿಮೆಯೇನಿಲ್ಲ. ಹಲ್ಲಿನ ಎನಾಮೆಲ್ ಮೇಲೆ ವಿಕಿರಣ ಬಿದ್ದರೆ ಅದರ ಗುರುತು ಮನುಷ್ಯನ ಆಯುಷ್ಯಕ್ಕೂ ಮೀರಿ ಉಳಿಯುತ್ತದೆ. ಹಿರೋಷಿಮಾ, ಚೆರ್ನೋಬಿಲ್ ಸಂತ್ರಸ್ತರ ಡೋಸನ್ನು ದಶಕಗಳ ನಂತರವೂ ಲೆಕ್ಕ ಹಾಕಿದ್ದು ಆ ಗುರುತನ್ನು ಇಪಿಆರ್‌ನಲ್ಲಿ ಓದಿಯೇ. ಅಮೆರಿಕದ ಡಾರ್ಟ್‌ಮತ್‌ನಲ್ಲಿ ರೋಗಿಯ ಗಡ್ಡೆಗೆ ಇಂಗಾಲದ ಕಪ್ಪು ಶಾಯಿ ಚುಚ್ಚಿ ಅಲ್ಲಿನ ಆಮ್ಲಜನಕ ಅಳೆದರು. ಆಮ್ಲಜನಕ ಹೆಚ್ಚಿದಷ್ಟೂ ಶಾಯಿಯ ಇಪಿಆರ್ ಗೆರೆ ಅಗಲವಾಗುತ್ತದೆ. ಉಸಿರುಗಟ್ಟಿದ ಗಡ್ಡೆಯ ಕೋಶಗಳನ್ನು ಕೊಲ್ಲಲು ಸುಮಾರು ಮೂರು ಪಟ್ಟು ವಿಕಿರಣ ಬೇಕಾಗಬಹುದು. ಹೀಗಾಗಿ ಈ ಅಳತೆ ಚಿಕಿತ್ಸೆಯ ದಿಕ್ಕನ್ನೇ ಬದಲಿಸಬಲ್ಲದು. ಆದರೂ ನಮ್ಮ ಆಸ್ಪತ್ರೆಗಳ ದಿನನಿತ್ಯದ ಪರೀಕ್ಷೆಗಳ ಸಾಲಿಗೆ ಇದು ಸೇರಿಲ್ಲ. ಇದು ನಿಜವಾದ ಕೊರತೆ.

ಇನ್ನು ಆಸ್ಪತ್ರೆಯಿಂದ ಹೊಲದತ್ತ, ತಮಿಳುನಾಡಿನ ಪಾಪಿರೆಡ್ಡಿಪಟ್ಟಿಯ ಮಾತು. ಸೇಲಂ–ಧರ್ಮಪುರಿ ಸೀಮೆಯ ಅರಿಶಿನ, ಮರಗೆಣಸಿನ ನಾಡಿದು. ಅರಿಶಿನದಂಥ ಸಂಬಾರಗಳ ರೋಗಾಣು ಕೊಲ್ಲಲು 6ರಿಂದ 14 ಕಿಲೋಗ್ರೇ ವಿಕಿರಣ ಹಾಯಿಸಲು ನಮ್ಮಲ್ಲಿ ಅನುಮತಿಯಿದೆ. ಪೊಟ್ಟಣದ ಮೇಲೆ ಅದನ್ನು ನಮೂದಿಸಬೇಕು. ನಮೂದು ನಿಜವೇ ಎಂದು ನೋಡುವ ಒಂದು ದಾರಿ ಇಪಿಆರ್. ವಿಕಿರಣ ತಾಗಿದ ಸೆಲ್ಯುಲೋಸ್‌ನಲ್ಲಿ ನಡುಗೆರೆಯ ಎರಡೂ ಬದಿಗೆ, ಪರಸ್ಪರ 60 ಗಾಸ್ ಅಂತರದಲ್ಲಿ, ಎರಡು ಪುಟ್ಟ ಗೆರೆಗಳು ಏಳುತ್ತವೆ. ಯುರೋಪಿನ ಮಾನದಂಡ ಒಪ್ಪುವ ಸಾಕ್ಷಿ ಇದೇ. ಆದರೆ ಎಲ್ಲ ಸಂಬಾರಗಳಲ್ಲೂ ಅವು ಸ್ಪಷ್ಟವಾಗಿ ಕಾಣವು, ದಿನ ಕಳೆದಂತೆ ಮಾಸುತ್ತವೆ. ಗೆರೆ ಕಾಣಲಿಲ್ಲವೆಂದ ಮಾತ್ರಕ್ಕೆ ವಿಕಿರಣವಿಲ್ಲವೆಂದು ತೀರ್ಮಾನಿಸುವಂತಿಲ್ಲ. ಅದಕ್ಕೇ ಮಾದರಿ ಬೇಗ ಯಂತ್ರ ತಲುಪಬೇಕು.

ಯಂತ್ರ ಚೆನ್ನೈಯ ಐಐಟಿಯಲ್ಲಿದೆ, ಬೆಂಗಳೂರಿನಲ್ಲಿದೆ. ಬೆಳೆಗಾರ ಇರುವುದು ಇಲ್ಲಿ, ಪಾಪಿರೆಡ್ಡಿಪಟ್ಟಿಯಲ್ಲಿ. ತಮಿಳುನಾಡು, ಕರ್ನಾಟಕ ಎರಡೂ ರಾಜ್ಯಗಳ ಕೃಷಿ ಇಲಾಖೆಗಳು ಮಾರುಕಟ್ಟೆಯಿಂದಲೇ ಮಾದರಿ ಸಂಗ್ರಹಿಸಿ ಕಳಿಸುವ ವ್ಯವಸ್ಥೆ ಮಾಡಲಿ. ವಿಶ್ವವಿದ್ಯಾಲಯಗಳು ತಮ್ಮ ಯಂತ್ರದ ಒಂದಿಷ್ಟು ಸಮಯವನ್ನು ರೈತರ ಮಾದರಿಗೆ ಮೀಸಲಿಡಲಿ.