ಹಳೆಯ ಗೇಮ್‌ನ ಸಂಗೀತ ಕೇಳಿ ಕಣ್ಣು ತುಂಬಿ ಬಂದರೆ ಅದು ಅಡಿಕ್ಷನ್ನೇ?

‘ಪ್ರಿನ್ಸ್ ಆಫ್ ಪರ್ಷಿಯಾ’ ಗೇಮ್‌ನ ಹಳೆಯ ವಿಡಿಯೋ ವಾಟ್ಸ್ಆ್ಯಪ್ ಗ್ರೂಪಿಗೆ ಬಂದರೆ ಸಾಕು, ‘ಬಾಲ್ಯ ನೆನಪಾಗಿ ಕಣ್ಣು ತುಂಬಿತು’ ಎಂದು ಒಬ್ಬರು ಬರೆಯುತ್ತಾರೆ. ‘ಈ ವಯಸ್ಸಲ್ಲೂ ಗೇಮ್ ಹುಚ್ಚೇ? ಇದು ಅಡಿಕ್ಷನ್’ ಎಂದು ಇನ್ನೊಬ್ಬರು ಛೇಡಿಸುತ್ತಾರೆ. ಬ್ರೂಕ್‌ಫೀಲ್ಡ್, ವೈಟ್‌ಫೀಲ್ಡ್ ಕಡೆಯ ಐಟಿ ಕಚೇರಿಗಳಲ್ಲಿ ದುಡಿಯುವ ಅನೇಕರು ಮೊದಲ ಸಲ ಕಂಪ್ಯೂಟರ್ ಮುಟ್ಟಿದ್ದು ತೊಂಬತ್ತರ ದಶಕದಲ್ಲಿ, ಶಾಲೆಯ ಲ್ಯಾಬ್‌ನಲ್ಲೋ ಊರಿನ ಕಂಪ್ಯೂಟರ್ ಸೆಂಟರ್‌ನಲ್ಲೋ. ಅವರಲ್ಲಿ ಹಲವರಿಗೆ ಈ ಗೇಮ್ ಆ ದಿನಗಳ ಗುರುತು. ಹಾಗಾದರೆ ಯಾರ ಮಾತು ಸರಿ?

ಆ ರಾಗ ಮರೆಯುವುದಿಲ್ಲ ಏಕೆ?

1989ರಲ್ಲಿ ಬಂದ ಈ ಗೇಮ್ ರೂಪಿಸಿದ್ದು ಅಮೆರಿಕದ ಜೋರ್ಡನ್ ಮೆಕ್ನರ್. ಸಂಗೀತ ಅವರ ತಂದೆ, ಮನೋವಿಜ್ಞಾನಿ ಫ್ರಾನ್ಸಿಸ್ ಮೆಕ್ನರ್ ಅವರದು. 60 ನಿಮಿಷದೊಳಗೆ ರಾಜಕುಮಾರಿಯನ್ನು ಕಾಪಾಡಬೇಕು. ಆಟದ ಬಹುಪಾಲು ಹೊತ್ತು ಕೇಳಿಸುವುದು ಹೆಜ್ಜೆ ಮತ್ತು ಕತ್ತಿಯ ಸದ್ದು ಮಾತ್ರ. ಗೆದ್ದಾಗ, ಸತ್ತಾಗ, ಕಥೆ ತಿರುಗಿದಾಗ ಪುಟ್ಟದೊಂದು ರಾಗ ಬರುತ್ತದೆ. ಹೀಗೆ ಪ್ರತಿ ರಾಗವೂ ಒಂದು ಘಟನೆಯ ಜೊತೆ ಗಂಟು ಬೀಳುತ್ತದೆ. ವರ್ಷಗಳ ನಂತರ ರಾಗ ಕೇಳಿದಾಗ ಆ ಘಟನೆ, ಪಕ್ಕದಲ್ಲಿ ಕೂತಿದ್ದ ಗೆಳೆಯ, ‘ಈಗ ನನ್ನ ಸರದಿ’ ಎಂಬ ಜಗಳ ಎಲ್ಲವೂ ಒಟ್ಟಿಗೆ ಎದ್ದು ಬರುತ್ತವೆ.

ವಯಸ್ಸಿನ ಪಾತ್ರವೂ ಇದೆ. ನಡುವಯಸ್ಸು ದಾಟಿದವರಿಗೆ ಹದಿಹರೆಯ ಮತ್ತು ಯೌವನದ ನೆನಪುಗಳು ಉಳಿದವುಗಳಿಗಿಂತ ಹೆಚ್ಚಾಗಿ ಮರಳುತ್ತವೆ ಎಂಬುದನ್ನು ಮನೋವಿಜ್ಞಾನಿಗಳು ಮತ್ತೆ ಮತ್ತೆ ಗಮನಿಸಿದ್ದಾರೆ.

‘ಡೋಪಮೈನ್ ಬಂದರೆ ಚಟ’ ಎಂಬುದು ನಿಜವೇ?

ಇಲ್ಲ. ಇಷ್ಟದ ಸಂಗೀತ ಕೇಳುವಾಗ ಮೆದುಳಿನಲ್ಲಿ ಡೋಪಮೈನ್ ಬಿಡುಗಡೆಯಾಗುವುದನ್ನು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ತೋರಿಸಿದರು. ರುಚಿಯಾದ ಊಟಕ್ಕೂ ಮೆದುಳು ಹೀಗೆಯೇ ಸ್ಪಂದಿಸುತ್ತದೆ. ಅದೊಂದರಿಂದಲೇ ಚಟ ಎನ್ನಲಾಗದು.

ಹಾಗಾದರೆ ಅಡಿಕ್ಷನ್ ಯಾವುದು?

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ರೋಗಗಳ ಪಟ್ಟಿಯಲ್ಲಿ ‘ಗೇಮಿಂಗ್ ಡಿಸಾರ್ಡರ್’ ಸೇರಿದೆ. ಅದರ ಲಕ್ಷಣಗಳು ಮೂರು:

• ಆಟದ ಮೇಲೆ ಹಿಡಿತ ತಪ್ಪುವುದು
• ಊಟ, ನಿದ್ದೆ, ಕೆಲಸಕ್ಕಿಂತ ಆಟವೇ ಮುಖ್ಯವಾಗುವುದು
• ಹಾನಿಯಾಗುತ್ತಿದೆ ಎಂದು ಗೊತ್ತಿದ್ದರೂ ಮುಂದುವರಿಸುವುದು

ಸಾಮಾನ್ಯವಾಗಿ ಕನಿಷ್ಠ 12 ತಿಂಗಳು ಇದು ಕಾಣಬೇಕು. ಬದುಕಿಗೆ ಗಂಭೀರ ಪೆಟ್ಟು ಬಿದ್ದಿರಬೇಕು. ರಾಗ ಕೇಳಿ ಭಾವುಕರಾಗುವುದು ಈ ಪಟ್ಟಿಯಲ್ಲಿಲ್ಲ.

ನೆನಪಿಡಬೇಕಾದ್ದು

ಹಳೆಯ ಗೇಮ್‌ನ ಮೇಲಿನ ಪ್ರೀತಿ ಕಾಯಿಲೆಯಲ್ಲ. ಭಾವುಕರಾದವರಿಗೆಲ್ಲ ‘ಅಡಿಕ್ಟ್’ ಎಂಬ ಹಣೆಪಟ್ಟಿ ಹಚ್ಚಿದರೆ ಆ ಪದ ತಮಾಷೆಯಾಗುತ್ತದೆ. ರಾತ್ರಿಯಿಡೀ ಆಟ ಬಿಡಲಾಗದೆ ಒದ್ದಾಡುವವರು ಬಾಯಿಬಿಟ್ಟು ನೆರವು ಕೇಳಲು ಹಿಂಜರಿಯುತ್ತಾರೆ. ಅಂಥವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಲ್ಲೇ ‘ಶಟ್’ ಕ್ಲಿನಿಕ್ ಶುರುವಾಗಿದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಮುಂದಿನ ಸಲ ಆ ವಿಡಿಯೋ ಫಾರ್ವರ್ಡ್ ಮಾಡುವಾಗ ಈ ನಂಬರನ್ನೂ ಜೊತೆಗೆ ಕಳಿಸಿ.